ಇದ್ದಿಲ ಮೇಲೆ ನಿಂತ ಕಲ್ಲು

ಅವಳಿಗೆ ಗೊತ್ತಿರಲೇಬೇಕು.

ಹುಟ್ಟಿ ಬೆಳೆದ ಹೊಲ. ಅವರೆಕಾಯಿ ಬಿಡಿಸಲು ಅಮ್ಮನ ಹಿಂದೆ ನಡೆದ ಹೊಲ. ಅದರ ಮೂಲೆಯ ಗಡಿಕಲ್ಲು ತನ್ನ ಜಾಗ ಬಿಟ್ಟು ಆಚೆ ಸರಿದು ನಿಂತರೆ, ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

ಬೀಳದೆಯೂ ಇರಬಹುದು. ಬದು ಹೋಯಿತು, ಬದುವಿನ ಮೇಲಿದ್ದ ಹೊಂಗೆಮರ ಹೋಯಿತು, ಕಾಲುದಾರಿ ಹೋಗಿ ಡಾಂಬರು ಬಂತು. ಜೆಸಿಬಿ ಹಾದ ಮೇಲೆ ಹೊಲಕ್ಕೆ ಮುಖವೇ ಉಳಿಯುವುದಿಲ್ಲ. ಉತ್ತವನಿಗೂ ಗುರುತು ಸಿಗುವುದಿಲ್ಲ.

ಸಬ್ ಇನ್ಸ್‌ಪೆಕ್ಟರ್ ರವಿಶಂಕರ್ ಈ ಎರಡರ ನಡುವೆ ಓಲಾಡುತ್ತಿದ್ದ. ಎರಡನೆಯದನ್ನು ನಂಬುವುದು ತನಗೆ ಇಷ್ಟ ಎಂಬುದೇ ಅವನಿಗೆ ಅನುಮಾನ ಹುಟ್ಟಿಸುತ್ತಿತ್ತು. ಇಷ್ಟವಾದದ್ದನ್ನು ನಂಬುವ ಪೊಲೀಸನನ್ನು ಅವನು ಎಂದೂ ಮೆಚ್ಚಿದವನಲ್ಲ.

ಕ್ಯಾಸಂಬಳ್ಳಿ ರಸ್ತೆಯ ಲೇಔಟು ಬಿಸಿಲಲ್ಲಿ ಬೆಳ್ಳಗೆ ಹರಡಿಕೊಂಡಿತ್ತು. ಮೂಲೆ ಸೈಟಿನಲ್ಲಿ ಅರ್ಧ ತೆಗೆದ ಪಾಯ. ಸೈಟು ಕೊಂಡು ಪಾಯ ತೆಗೆಸಿದ ಸುಬ್ರಮಣಿಗೆ ತಾಲ್ಲೂಕು ಸರ್ವೆಯವರು ಬಂದು, "ಈ ಗಡಿಕಲ್ಲೇ ತಪ್ಪು ಜಾಗದಲ್ಲಿದೆ, ನೀವು ಅಗೆದಿರೋದು ಗೋಮಾಳ" ಎಂದಿದ್ದರು. ಅವನು ಠಾಣೆಗೆ ಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಹೆಸರು: ಇದೇ ಹೊಲದಲ್ಲಿ ಬೆಳೆದು, ಈಗ ಇದರ ಸೈಟು ತೋರಿಸಿದ ಸುಕನ್ಯ.

"ಪತ್ರ ಸರಿಯಾಗೇ ಐತೆ ಸಾರ್," ಎಂದ ಲೇಔಟ್ ಮಾಲೀಕ ನಾಗೇಶ್. ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ. "ಮೂಲೆ ಕಟ್ ಆಗಿದೆ ಅಂತ ನಕ್ಷೇಲೇ ತೋರ್ಸಿದೀವಿ. ಸೈನ್ ಹಾಕಿದಾರೆ. ನೆಲದ ಮೇಲೆ ಯಾರು ಏನು ತೋರ್ಸಿದ್ರೋ, ನನಗೇನು ಗೊತ್ತು?"

"ಯಾರ್ ಸಾರ್ ನಕ್ಷೆ ನೋಡ್ತಾರೆ?" ಸುಬ್ರಮಣಿಯ ದನಿ ಏರಿತು. "ನಾನು ಕಲ್ಲು ನೋಡ್ದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಆ ಪೊಣ್ಣು ಕಲ್ಲು ಮೇಲೆ ಕೈ ಇಟ್ಟು ತೋರ್ಸಿದ್ಳು."

"ಅದೇ ನಾನೂ ಹೇಳ್ತಿರೋದು. ಆ ಹುಡುಗಿ."

"ನೀನು ಸುಮ್ನಿರು ಪಾ. ನಿನ್ ಲೇಔಟ್ ತಾನೇ?" ಸುಬ್ರಮಣಿ ರವಿಶಂಕರನ ಕಡೆ ತಿರುಗಿದ. "ಸಾರ್, ನಮ್ದು ಊರಿಗಾಂ. ಚಿನ್ನದ ಗಣಿ ಕಂಪನಿ ಲೈನ್ ಮನೆ. ನಮ್ಮಪ್ಪ ಭೂಮಿ ಒಳಗೆ ಅಷ್ಟು ಆಳಕ್ಕೆ ಇಳಿದು ಕೆಲ್ಸ ಮಾಡಿದ್ರು. ಮೇಲೆ ಮಾತ್ರ ಒಂದು ಚಪ್ಪಡಿ ಜಾಗ ನಮ್ದು ಅಂತ ಇರ್ಲಿಲ್ಲ. ಇದೇ ಮೊದಲ್ನೇದು ಸಾರ್."

ಅವನು ಅಳಲಿಲ್ಲ. ಪಾಯದ ಗುಂಡಿಯನ್ನು ನೋಡುತ್ತಾ ನಿಂತ. ಅಳುವುದಕ್ಕಿಂತ ಅದು ಕಷ್ಟದ ನೋಟವಾಗಿತ್ತು.

ಕಾಗದ ನಿಜ ಹೇಳಿತ್ತು, ನೆಲ ಸುಳ್ಳು ಹೇಳಿತ್ತು. ಯಾಕೆ ಎಂಬುದನ್ನು ರವಿಶಂಕರ್ ಆಗಲೇ ಊಹಿಸಿದ್ದ. ಗೋಮಾಳ ಒಳಕ್ಕೆ ಚಾಚಿಕೊಂಡಿದ್ದರಿಂದ ಈ ಸೈಟಿಗೆ ಈಶಾನ್ಯ ಮೂಲೆಯೇ ಇರಲಿಲ್ಲ. ಈಶಾನ್ಯ ಇಲ್ಲದ ಸೈಟನ್ನು ಈ ಸೀಮೆಯಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ. ಲೇಔಟೆಲ್ಲ ಮಾರಿಹೋದರೂ ಇದೊಂದು ಉಳಿದಿತ್ತು. ಕಲ್ಲು ಆಚೆ ಸರಿಯಿತು, ಸೈಟು ಚೌಕವಾಯಿತು, ಮಾರಿಹೋಯಿತು.

"ಇದನ್ನ ಮಾರು ಅಂತ ಅವಳಿಗೆ ಹೇಳಿದ್ದು ಯಾರು?"

ನಾಗೇಶ್ ನಕ್ಕ. "ತಮಾಷೆಗೆ ಸಾರ್. ಮೂರ್ನಾಲ್ಕು ವರ್ಷ ನನ್ನ ಕೈಕೆಳಗೆ ಸೈಟು ತೋರಿಸ್ಕೊಂಡು ಇದ್ದೋಳು. ಒಂದಿನ ಬಂದು, 'ಅಣ್ಣಾ, ರೇರಾದಲ್ಲಿ ಏಜೆಂಟ್ ಅಂತ ನೋಂದಣಿ ಮಾಡಿಸ್ತೀನಿ, ಸ್ವಂತ ಲೈಸೆನ್ಸು, ಸ್ವಂತ ಬೋರ್ಡು' ಅಂದ್ಳು. ಆಯ್ತಮ್ಮ, ಮೊದಲು ಆ ಮೂಲೆ ಸೈಟು ಮಾರಿ ತೋರ್ಸು, ಆಮೇಲೆ ಲೈಸೆನ್ಸ್ ಮಾತಾಡು ಅಂದೆ. ಮಾರೇಬಿಟ್ಳು ನೋಡಿ!"

"ಅವಳು ಹೋದರೆ ನಿಮಗೆ ನಷ್ಟವೇ?"

"ಹಳ್ಳಿಯೋರು ಅವಳ ಮಾತು ಕೇಳ್ತಾರೆ." ನಗು ಅಲ್ಲಿಗೆ ನಿಂತಿತು. ಹೇಳಬಾರದ್ದನ್ನು ಹೇಳಿದೆ ಎಂದು ಅವನಿಗೆ ಅನ್ನಿಸಿರಬೇಕು.

ಅಷ್ಟರಲ್ಲಿ ಸುಕನ್ಯ ಬಂದಳು. ಸ್ಕೂಟರ್ ನಿಲ್ಲಿಸಿ, ದುಪಟ್ಟಾದಿಂದ ಮುಖ ಒರೆಸಿಕೊಂಡು, ಯಾರ ಹತ್ತಿರವೂ ನಿಲ್ಲದೆ ದೂರವೂ ನಿಲ್ಲದೆ ನಿಂತಳು. ನಿನ್ನೆ ಠಾಣೆಯಲ್ಲಿ ರವಿಶಂಕರ್ ಕೇಳಿದ್ದಕ್ಕೆಲ್ಲ ಅವಳು ಒಂದೇ ಉತ್ತರ ಕೊಟ್ಟಿದ್ದಳು: "ಕಲ್ಲು ಎಲ್ಲಿತ್ತೋ ಅಲ್ಲೇ ತೋರಿಸ್ದೆ ಸಾರ್." ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ.

"ಮೊದಲು ಸುಣ್ಣದ ಗುರುತು ಅಗೀರಿ," ಎಂದ ರವಿಶಂಕರ್.

ಸರ್ವೆಯವರು ಕಲ್ಲಿನ ಸರಿಯಾದ ಜಾಗಕ್ಕೆ ಸುಣ್ಣದ ಗುರುತು ಹಾಕಿಹೋಗಿದ್ದರು. ಇಬ್ಬರು ಕೂಲಿಯವರು ಅಲ್ಲಿ ಗುದ್ದಲಿ ಹಾಕಿದರು. ಮಣ್ಣು ಸಡಿಲವಾಗಿತ್ತು. ಯಾರೋ ಆಗಲೇ ಅಗೆದು ಮುಚ್ಚಿದ ಮಣ್ಣು. ತಳದಲ್ಲಿ ಕಪ್ಪು ಪುಡಿ ಒಂದಿಷ್ಟು, ಮತ್ತೇನೂ ಇಲ್ಲ.

"ಈಗ ಆ ಕಲ್ಲು ಕೀಳಿ."

"ಕಲ್ಲಿಗೂ ಪೋಸ್ಟ್‌ಮಾರ್ಟಮ್ಮಾ ಸಾರ್?" ಎಂದಳು ಕಾನ್‌ಸ್ಟೆಬಲ್ ಅಂಬಿಕ. ಊರಿಗಾಂ ಹುಡುಗಿ, ನಾಲಿಗೆ ಚುರುಕು. ರವಿಶಂಕರ್ ನಗಲಿಲ್ಲ.

ಕಲ್ಲು ಸುಲಭಕ್ಕೆ ಜಗ್ಗಲಿಲ್ಲ. ಸೊಂಟದೆತ್ತರದ ಹಳೆಯ ಕರಿಕಲ್ಲು. ಒಬ್ಬ ಹಾರೆ ಕೊಟ್ಟು ಮೀಟಿದರೆ ಇನ್ನೊಬ್ಬ ತಬ್ಬಿ ಹಿಡಿಯಬೇಕಾಯಿತು. ಕೊನೆಗೆ ಅದು ಓರೆಯಾಗಿ ನೆಲಕ್ಕೆ ಒರಗಿತು.

ಕೆಳಗೆ ಇದ್ದಿಲು ಇತ್ತು. ಗುಂಡಿ ತುಂಬ. ಅದರ ಜೊತೆ ಒಡೆದ ಮಡಕೆಯ ಚೂರು. ಮೇಲೊಂದು ಪದರ ರಾಗಿಯ ಹೊಟ್ಟು. ಆ ಹೊಟ್ಟು ಇನ್ನೂ ಕೊಳೆತಿರಲಿಲ್ಲ. ಬಣ್ಣವೂ ಮಾಸಿರಲಿಲ್ಲ. ಈಚಿನ ಸುಗ್ಗಿಯದು.

"ಏನ್ ಸಾರ್ ಇದು? ಯಾರಾದ್ರೂ ಇಲ್ಲಿ ಅಡಿಗೆ ಮಾಡಿದ್ರಾ?" ನಾಗೇಶ್ ಬಗ್ಗಿ ನೋಡಿದ. ಅವನ ಮುಖದಲ್ಲಿ ಇದ್ದದ್ದು ನಿಜವಾದ ಗೊಂದಲ. ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ಬೆಳೆದವನಿಗೆ ಬೇರೆ ಏನು ತೋಚೀತು?

ಸುಬ್ರಮಣಿಯೂ, "ಮಾಟಮಂತ್ರನಾ ಸಾರ್?" ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಸುಕನ್ಯ ಒಬ್ಬಳೇ ಏನೂ ಕೇಳಲಿಲ್ಲ.

ರವಿಶಂಕರನಿಗೆ ಅದು ಮಾಟವಲ್ಲ ಎಂದು ಗೊತ್ತಿತ್ತು. ಮುಳಬಾಗಿಲು ಕಡೆಯ ಅವನ ಹಳ್ಳಿಯಲ್ಲಿ ತಾತ ಗಡಿಕಲ್ಲು ನೆಡುವಾಗ ಇದ್ದಿಲ ಬುಟ್ಟಿ ಹೊತ್ತವನು ಅವನೇ. ಕಲ್ಲಿನ ಕೆಳಗೆ ಇದ್ದಿಲು, ಮಡಕೆ ಚೂರು, ಹೊಟ್ಟು ಹಾಕುತ್ತಾರೆ. ದಾಯಾದಿ ಬಂದು ಕಲ್ಲು ಸರಿಸಬಹುದು, ಹಳೆಯ ಜಾಗ ಅಗೆದರೆ ಇದ್ದಿಲು ಸಿಗುತ್ತದೆ. ಇದ್ದಿಲು ಕೊಳೆಯುವುದಿಲ್ಲ. ಹಾಗೆಯೇ, ಇದ್ದಿಲಿಲ್ಲದೆ ನಿಂತ ಗಡಿಕಲ್ಲು ಕುರುಡು, ಅದರ ಪಕ್ಕ ಬಾಳುವವರಿಗೆ ಏಳಿಗೆ ಇಲ್ಲ ಎಂಬ ನಂಬಿಕೆಯೂ ಇದೆ.

ನಾಗೇಶನೋ ಅವನ ಆಳುಗಳೋ ಕಿತ್ತಿದ್ದರೆ ಬರೀ ಕಲ್ಲು ಸರಿಯುತ್ತಿತ್ತು. ಇದ್ದಿಲು ಹಳೆಯ ಗುಂಡಿಯಲ್ಲೇ ಉಳಿಯುತ್ತಿತ್ತು. ಇಲ್ಲಿ ಯಾರೋ ಸುಳ್ಳು ಜಾಗಕ್ಕೆ ಕಲ್ಲು ತಂದಿದ್ದಾರೆ. ತಂದವರಿಗೆ ಅದನ್ನು ಬರಿ ಮಣ್ಣಲ್ಲಿ ನಿಲ್ಲಿಸಲು ಮನಸ್ಸು ಬಂದಿಲ್ಲ. ಹಳೆಯ ಇದ್ದಿಲನ್ನು ಬಾಚಿ ತಂದು, ಮೇಲೆ ಹೊಸ ಹೊಟ್ಟು ಹಾಸಿ ನೆಟ್ಟಿದ್ದಾರೆ.

ಬೇಸಾಯದ ಮನೆಯವರು. ಈ ಹೊಲ ಲೇಔಟ್ ಆಗುವ ಮುಂಚೆ ಇದ್ದದ್ದು ಒಂದೇ ಮನೆಯ ಕೈಯಲ್ಲಿ. ಸುಕನ್ಯಳ ಅಪ್ಪ ಮುನಿಸ್ವಾಮಪ್ಪನ ಕೈಯಲ್ಲಿ.

ಅವನು ಸುಕನ್ಯಳನ್ನು ಪಕ್ಕಕ್ಕೆ ಕರೆದ.

"ಲೈಸೆನ್ಸ್ ಅರ್ಜಿ ಹಾಕಿದ್ದಾಯ್ತಾ?"

"ಎಲ್ಲಾ ತುಂಬಿದೀನಿ ಸಾರ್. ಕಳಿಸಿಲ್ಲ. ಕೇಸು ಇದೆಯಾ ಅಂತ ಕೇಳ್ತಾರೆ ಅದ್ರಲ್ಲಿ."

"ಇನ್ನೂ ಎಫ್‌ಐಆರ್ ಆಗಿಲ್ಲ. ಇವತ್ತು ಕಳಿಸಿದ್ರೆ ಇಲ್ಲ ಅಂತ ಬರೀಬಹುದಿತ್ತಲ್ಲ."

"ಇವತ್ತು ಇಲ್ಲ ಅಂತ ಬರೆದು ನಾಳೆ ಆದ್ರೆ?" ಅವಳು ಒರಗಿದ ಕಲ್ಲನ್ನು ನೋಡುತ್ತಿದ್ದಳು. "ಹಳ್ಳೀಲಿ ನನ್ನ ಬ್ರೋಕ್ರು ಅಂತಾರೆ ಸಾರ್. ಬ್ರೋಕ್ರು ಅಂದ್ರೆ ಏನರ್ಥ ಅಂತ ನಿಮ್ಗೂ ಗೊತ್ತು. ಬೋರ್ಡ್ ಮೇಲೆ ಸರ್ಕಾರದ ನಂಬರ್ ಇದ್ರೆ ಆ ಮಾತು ನಿಲ್ತದೆ ಅನ್ಕೊಂಡಿದ್ದೆ. ಸುಳ್ಳು ಬರ್ದು ತಗೊಂಡ್ರೆ ಅವ್ರು ಅಂದಿದ್ದೇ ನಿಜ ಆಗ್ತದಲ್ಲ."

"ಕಲ್ಲು ಸರಿದದ್ದು ನಿನಗೆ ಗೊತ್ತಿತ್ತಾ?"

ರಸ್ತೆಯಲ್ಲಿ ಬಂಗಾರಪೇಟೆ ಬಸ್ಸು ಹೋಯಿತು, ಧೂಳು ಎದ್ದಿತು, ಇಳಿಯಿತು.

"ಅಪ್ಪನ ಹತ್ರ ಹೋಗ್ಬೇಡಿ ಸಾರ್," ಎಂದಳು.

ಅವನು ಹೋಗಲೇಬೇಕಾಯಿತು.

ಮುನಿಸ್ವಾಮಪ್ಪ ಕೊಟ್ಟಿಗೆಯಲ್ಲಿದ್ದ. ಹೊಲ ಹೋದ ಮೇಲೆ ಉಳಿದದ್ದು ಎರಡು ಸೀಮೆಹಸು, ಒಂದು ಕರು. ಡೇರಿಗೆ ಹಾಲು ಹಾಕುವ ಹೊತ್ತು ಇನ್ನೂ ಆಗಿರಲಿಲ್ಲ. ಜೋಳದ ಮೇವು ಕತ್ತರಿಸುತ್ತಿದ್ದವನು ಪೊಲೀಸರನ್ನು ಕಂಡು ಕುಡುಗೋಲು ಕೆಳಗಿಟ್ಟ, ಬೇಗ ಅಲ್ಲ.

"ಬನ್ನಿ ಸಾಮಿ. ಕುಂತ್ಕಳಿ. ಬಾ ತಾಯಿ."

ಅಂಬಿಕ ಹಾಲಿನ ಕ್ಯಾನು ಬೋರಲು ಹಾಕಿ ಅದರ ಮೇಲೆ ಕುಳಿತಳು. ರವಿಶಂಕರ್ ನಿಂತೇ ಇದ್ದ.

"ಕಲ್ಲು ಕಿತ್ತು ನೋಡಿದ್ವಿ ಮುನಿಸ್ವಾಮಪ್ಪನೋರೆ."

"ಊಂ."

"ಕೆಳಗೆ ಇದ್ದಿಲು ಇತ್ತು."

"ಇರ್ಬೇಕಲ್ಲ ಸಾಮಿ. ಗಡಿಕಲ್ಲು ಅಂದ್ಮೇಕೆ."

"ಅದರ ಮೇಲೆ ಹೊಸ ಹೊಟ್ಟು."

ಮುದುಕ ಹಸುವಿನ ಗಂಗೆದೊಗಲನ್ನು ಸವರಿದ. ಹಸು ಕತ್ತು ಎತ್ತಿ ಕೊಟ್ಟಿತು. ಅವನು ಸವರುತ್ತಲೇ ಇದ್ದ. ರವಿಶಂಕರ್ ಕಾದ. ವಿಚಾರಣೆಯಲ್ಲಿ ಮೌನವನ್ನು ಮುರಿಯುವವನೇ ಸೋಲುವುದು ಎಂದು ಅವನು ಕಲಿತಿದ್ದ. ಆದರೆ ಈ ಮನೆಯವರು ಅದನ್ನು ಅವನಿಗಿಂತ ಚೆನ್ನಾಗಿ ಕಲಿತವರಂತೆ ಕಂಡಿತು.

ಕೊನೆಗೆ ಅವನೇ ಸೋತ.

"ಇದ್ದಿಲು ಅಲ್ಲೇ ಬಿಟ್ಟಿದ್ರೆ ನಾನು ಈ ಮನೆಗೆ ಬರ್ತಿರ್ಲಿಲ್ಲ. ನಾಗೇಶನ ಮನೆಗೆ ಹೋಗ್ತಿದ್ದೆ. ಅದನ್ನ ಯಾಕೆ ಬಾಚ್ಕೊಂಡು ಹೋಗ್ಬೇಕಿತ್ತು?"

"ಬರಿ ಮಣ್ಣಾಗೆ ಗಡಿಕಲ್ಲು ನಿಲ್ಲಿಸ್ಬಾರ್ದು ಸಾಮಿ. ಮನೆ ಕಟ್ಕಂಡು ಬಾಳೋ ಜನ ಬತ್ತಾರೆ. ಮಕ್ಳು ಮರಿ ಇರ್ತಾವೆ. ಅವ್ರಿಗೆ ಒಳ್ಳೇದಾಗ್ಬೇಕಲ್ಲ."

"ಮೋಸಾನೂ ಮಾಡಿ, ಒಳ್ಳೇದೂ ಆಗ್ಲಿ ಅನ್ನೋದಾ?" ಅಂಬಿಕಗೆ ತಡೆಯಲಾಗಲಿಲ್ಲ.

"ತಪ್ಪು ಮಾಡ್ದೋರು ದ್ಯಾವ್ರಿಗೆ ಕೈ ಮುಗಿಯಲ್ವಾ ತಾಯಿ? ಅವ್ರೇ ವಸಿ ಜಾಸ್ತಿ ಮುಗೀತಾರೆ."

ಅಂಬಿಕ ನಕ್ಕಳು, ನಕ್ಕದ್ದಕ್ಕೆ ನಾಚಿ ಟೋಪಿ ಸರಿಮಾಡಿಕೊಂಡಳು.

"ನೀವೇ ಏನು, ಕಿತ್ತಿದ್ದು?" ರವಿಶಂಕರ್ ಕೇಳಿದ.

"ಇನ್ಯಾರು ಓಗ್ತಾರೆ ಸಾಮಿ ಅಲ್ಲಿಗೆ?"

"ಯಾಕೆ?"

ಮುನಿಸ್ವಾಮಪ್ಪ ಮೇವಿನ ಕಂತೆಯ ಮೇಲೆ ಕುಳಿತ. ಈಗ ಮಾತು ತಾನಾಗಿ ಬಂತು.

"ಮೂಲೆ ಇಲ್ದಿರೋ ಸೈಟು ಕೊಟ್ಟು ಮಾರು ಅಂದ್ರೆ ಏನ್ ಸಾಮಿ ಅರ್ಥ? ಕಾಲಿಲ್ದೋನ್ಗೆ ಕುಣಿ ಅಂದಂಗೆ. ಬಿಸ್ಲಲ್ಲಿ ಅದನ್ನ ತೋರ್ಸಿ ತೋರ್ಸಿ ಬತ್ತಿದ್ಳು. ಉಣ್ತಿರ್ಲಿಲ್ಲ. ಏನಮ್ಮಯ್ಯ ಅಂದ್ರೆ ಏನಿಲ್ಲ ಅಂತಿದ್ಳು. ಆ ನಾಗೇಸ ಎಲ್ರ ಮುಂದೆ ನಗ್ತಿದ್ನಂತೆ."

"ಹಾಗಂತ..."

"ನಮ್ ಒಲ ಓದಾಗ ಯಾರೂ ನಮ್ಗೆ ಇದು ಇಂಗೆ, ಅದು ಅಂಗೆ ಅಂತ ಏಳ್ಲಿಲ್ಲ ಸಾಮಿ. ಎಬ್ಬೆಟ್ಟು ಒತ್ತು ಅಂದ್ರು, ಒತ್ತಿದ್ವಿ. ಅವ್ಳು ಆಗ ಕಾಲೇಜು. ಅವತ್ತು ಏಳಿದ್ಳು, ಅಪ್ಪಾ, ಏಳೋರು ಒಬ್ರಾದ್ರೂ ಇರ್ಬೇಕು ಈ ಕೆಲ್ಸದಾಗೆ ಅಂತ. ಅದ್ಕೇ ಬಂದಿದ್ದು. ಜನ ಏನ್ ಬೇಕಾದ್ರೂ ಅನ್ನಲಿ."

ಅವನ ಎರಡೂ ಕೈ ಮಂಡಿಯ ಮೇಲಿದ್ದವು. ಮಣ್ಣು ಹೋದರೂ ಮಣ್ಣಿನ ಬಣ್ಣ ಹೋಗದ ಕೈಗಳು.

ಕೊಟ್ಟಿಗೆಯ ಬಾಗಿಲಲ್ಲಿ ನೆರಳು ಬಿತ್ತು. ಸುಕನ್ಯ ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು.

"ಅಪ್ಪಾ, ಏನ್ ಏಳ್ದೆ ಅವ್ರಿಗೆ?"

"ನೀನು ಒಳಕ್ಕೋಗಮ್ಮಯ್ಯ."

"ಏನ್ ಏಳ್ದೆ ಅಂತ ಕೇಳ್ದೆ!"

"ಕರ ಬಿಚ್ಕಂಡೋಗೈತೆ. ಇಡ್ಕಂಡು ಬಾ ಓಗು."

ಕರು ಗೂಟದಲ್ಲೇ ಇತ್ತು. ಮೂವರೂ ನೋಡಿದರು, ಸುಕನ್ಯಳೂ ನೋಡಿದಳು. ಅಪ್ಪ ಮಗಳ ನಡುವೆ ಏನೋ ಒಂದು ಹಾದುಹೋಯಿತು. ಪೊಲೀಸರ ಭಾಷೆಯಲ್ಲಿ ಅದಕ್ಕೆ ಪದ ಇರಲಿಲ್ಲ. ಮುದುಕನ ಕಣ್ಣು ಅಲುಗಲಿಲ್ಲ. ಅವಳು ತಿರುಗಿ ಒಳಗೆ ಹೋದಳು.

"ನನ್ ಎಸ್ರು ಬರ್ಕಳಿ ಸಾಮಿ," ಎಂದ ಮುನಿಸ್ವಾಮಪ್ಪ. "ಅವ್ಳ ಎಸ್ರು ತೆಗೀರಿ. ಜೈಲು ಗೀಲು ಅಂದ್ರೂ ಬತ್ತೀನಿ. ಅಸುಗಳ್ಗೆ ಉಲ್ಲು ಆಕಕ್ಕೆ ಪಕ್ಕದ ಮನೆಯೋರು ಅವ್ರೆ. ಆ ಊರಿಗಾಂ ಮನುಷ್ಯನ್ಗೆ ಏನ್ ನ್ಯಾಯ ಆಗ್ಬೇಕೋ ಮಾಡಿ. ನನ್ ಮಗ್ಳ ಅರ್ಜಿ ಒಂದು ಓಗ್ಲಿ."

ರವಿಶಂಕರನ ಎದೆಯಿಂದ ಏನೋ ಇಳಿದಂತಾಯಿತು. ಬೆಳಗಿನಿಂದ ತಾನು ಬಯಸುತ್ತಿದ್ದದ್ದೇ ಇದು. ಅಪ್ಪ ಮಾಡಿದ್ದು, ಮಗಳಿಗೆ ಗೊತ್ತಿಲ್ಲದ್ದು. ಅವಳು ಇದ್ದ ಕಲ್ಲನ್ನು ತೋರಿಸಿದಳು, ಅಷ್ಟೇ. ದೂರಿನಿಂದ ಅವಳ ಹೆಸರು ಬಿಟ್ಟುಹೋಗುತ್ತದೆ. ಈ ವಯಸ್ಸಿನ ಮನುಷ್ಯ, ತಪ್ಪು ಒಪ್ಪಿಕೊಂಡವನು. ಸುಬ್ರಮಣಿಗೆ ಬೇರೆ ಸೈಟು ಕೊಡುವಂತೆ ನಾಗೇಶನ ಮೇಲೆ ಒತ್ತಡ ಹಾಕಿದರೆ, ಇದು ಕೋರ್ಟಿನ ಮೆಟ್ಟಿಲು ಹತ್ತದೆಯೂ ಮುಗಿಯಬಹುದು.

"ಹೇಳಿಕೆ ಬರ್ಕೋ ಅಂಬಿಕ."

ಅಂಬಿಕ ತೊಡೆಯ ಮೇಲೆ ಹಲಗೆ ಇಟ್ಟುಕೊಂಡಳು. "ಸದರಿ ಗಡಿಕಲ್ಲನ್ನು ನಾನೇ ಕಿತ್ತು, ಗೋಮಾಳದ ಜಾಗದಲ್ಲಿ ನೆಟ್ಟಿರುತ್ತೇನೆ. ಈ ವಿಷಯ ನನ್ನ ಮಗಳಿಗೆ ತಿಳಿದಿರುವುದಿಲ್ಲ. ಹೀಗೆ ಬರೀಲಾ ಸಾರ್?"

"ಬರಿ."

ಓದಿ ಹೇಳಿದಾಗ ಮುನಿಸ್ವಾಮಪ್ಪ ಹೊರಗಿನ ಬೇವಿನಮರ ನೋಡುತ್ತಿದ್ದ. ಹೆಬ್ಬೆಟ್ಟು ಕೇಳಿದರೆ ಹೆಬ್ಬೆಟ್ಟು ಕೊಟ್ಟ. ಮಸಿಯನ್ನು ಮೇವಿನ ಗರಿಗೆ ಒರೆಸಿ, "ಆಲು ಕುಡ್ಕಂಡು ಓಗಿ ತಾಯಿ," ಎಂದ.

ಜೀಪು ಮುಖ್ಯರಸ್ತೆಗೆ ಬಂದ ಮೇಲೆ ಅಂಬಿಕ ನಿಟ್ಟುಸಿರು ಬಿಟ್ಟಳು. "ಪಾವಂ ಸಾರ್. ಒಪ್ಕೊಂಡು ಹಗುರ ಆದ್ರು ತಾತ."

"ಹಗುರ ಆದ್ರಾ?"

"ಆಗಿಲ್ವಾ?"

ಒಪ್ಪಿಕೊಂಡವರನ್ನು ರವಿಶಂಕರ್ ಬಹಳ ನೋಡಿದ್ದ. ಒಪ್ಪಿಕೊಂಡವರು ಅಳುತ್ತಾರೆ, ಇಲ್ಲವೇ ನೀರು ಕೇಳುತ್ತಾರೆ, ಇಲ್ಲವೇ ನಿಲ್ಲಿಸಲಾಗದಷ್ಟು ಮಾತಾಡುತ್ತಾರೆ. ಮುನಿಸ್ವಾಮಪ್ಪ ಯಾವುದನ್ನೂ ಮಾಡಲಿಲ್ಲ. ಬಾಗಿಲಿಗೆ ಅಡ್ಡ ನಿಂತವನ ಹಾಗಿದ್ದ, ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

"ಅಂಬಿಕ, 'ನಾನೇ ಕಿತ್ತು' ಅಂತ ಬರೆದ್ಯಲ್ಲ."

"ಹೌದು ಸಾರ್. ನೀವೇ ಬರಿ ಅಂದ್ರಿ."

"ಅದು ಯಾರ ಮಾತು?"

ಅವಳು ಯೋಚಿಸಿದಳು. ಹಣೆಯ ಮೇಲೆ ಗೆರೆ ಮೂಡಿತು, ಹಾಗೇ ಉಳಿಯಿತು. "ನಂದು ಸಾರ್," ಎಂದಳು ಮೆಲ್ಲಗೆ. "ಯಾವಾಗ್ಲೂ ಹಂಗೇ ತಾನೇ ಬರೆಯೋದು."

ರವಿಶಂಕರ್ ಜೀಪನ್ನು ರಸ್ತೆ ಬದಿಗೆ ನಿಲ್ಲಿಸಲು ಹೇಳಿದ.

ಇದ್ದಿಲು ಯಾಕೆ ಬೇಕು ಎಂದು ಮುನಿಸ್ವಾಮಪ್ಪ ಹೇಳಿದ್ದ. ಮಗಳು ಉಣ್ಣದೆ ಇದ್ದದ್ದನ್ನು ಹೇಳಿದ್ದ, ನಾಗೇಶ ನಕ್ಕದ್ದನ್ನು ಹೇಳಿದ್ದ, ಜೈಲಿಗೂ ಬರುತ್ತೇನೆ ಎಂದು ಹೇಳಿದ್ದ. ಕಲ್ಲು ಕಿತ್ತವನು ತಾನು ಎಂದು ಮಾತ್ರ ಅವನು ಒಂದು ಸಲವೂ ಹೇಳಿರಲಿಲ್ಲ.